ಕೆಂಪಿಗೆ ಹೇಳದೆ ಹೋದದ್ದು

ಆಗ ನನಗೆ ಐವತ್ತೆರಡು. ಅದಾಗಿ ಹದಿನೆಂಟು ವರ್ಷವಾಯಿತು. ಮರೆತೇ ಹೋಗಿತ್ತು. ಇವತ್ತು ಬೆಳಿಗ್ಗೆ ಪಕ್ಕದ ಮನೆಯ ಸೊಸೆ ನಾಯಿಮರಿಯ ಮುಂದೆ ಬಿಸ್ಕೀಟು ಚೆಲ್ಲಿ, ಚಪ್ಪಲಿ ಕೈಯಲ್ಲಿ ಹಿಡಿದು, ಹಿತ್ತಿಲ ಬಾಗಿಲಿನಿಂದ ಕಳ್ಳಿಯ ಹಾಗೆ ಜಾರಿಕೊಂಡದ್ದು ಕಂಡೆ, ನೆನಪಾಯಿತು. ಬೈಯಲು ಬಾಯಿ ತೆರೆದವಳು ಮುಚ್ಚಿಕೊಂಡೆ. ಆ ಕಳ್ಳತನ ನಾನೂ ಮಾಡಿದ್ದೇನೆ.

ನಾನು ಕಡಲ ಬದಿಯ ಕೋಡಿ ಊರಿನವಳು, ಮೀನು ಮಾರಿದವಳು. ಬೆಳಕು ಹರಿಯುವ ಮೊದಲು ಬುಟ್ಟಿ ಹಿಡಿದು ಬಂದರಿಗೆ, ಅಲ್ಲಿಂದ ಬಸ್ಸಿನಲ್ಲಿ ಕೋಟಕ್ಕೆ, ಮನೆಮನೆ ತಿರುಗಿ ಮಧ್ಯಾಹ್ನದ ಮೇಲೆ ವಾಪಸು. ನಾನು ಹತ್ತಿದರೆ ಬಸ್ಸಿನ ಜನ ಮೂಗು ಮುಚ್ಚಿ ಸರಿಯುತ್ತಿದ್ದರು. ಒಳ್ಳೆಯದೇ, ಸೀಟು ಸಿಗುತ್ತಿತ್ತು.

ಕೆಂಪಿ ನಮ್ಮ ನಾಯಿ. ತಂದು ಸಾಕಿದ್ದಲ್ಲ, ತಾನಾಗಿ ಬಂದು ಕೂತದ್ದು. ಒಂದು ದಿನ ನನ್ನ ಹಿಂದೆಯೇ ರಸ್ತೆಗೆ ಬಂದು ಬಸ್ಸಿನ ಚಕ್ರದ ಅಡಿಗೆ ಹೋಗುವುದರಲ್ಲಿತ್ತು. ಡ್ರೈವರ್ ನನ್ನ ಅಪ್ಪ, ಅಜ್ಜ ಎಲ್ಲರನ್ನೂ ಎತ್ತಿ ಬೈದ. ಮರುದಿನದಿಂದ ಉಪಾಯ ಮಾಡಿದೆ. ರಾತ್ರಿಯ ಅಡುಗೆಯಲ್ಲಿ ಉಳಿಸಿದ ಬಂಗುಡೆ ಮೀನಿನ ತಲೆಯನ್ನು ಹಿತ್ತಿಲ ತೆಂಗಿನ ಬುಡಕ್ಕೆ ಎಸೆಯುವುದು; ಅದು ಅತ್ತ ಓಡಿದ ಕೂಡಲೇ ನಾನು ಎದುರು ಬಾಗಿಲಿನಿಂದ ಮಾಯ. ಎರಡನೇ ಕ್ಲಾಸಿಗೆ ಶಾಲೆ ಬಿಟ್ಟವಳ ಬುದ್ಧಿ ನೋಡಿ ಎಂದು ನನ್ನನ್ನು ನಾನೇ ಮೆಚ್ಚಿಕೊಂಡೆ.

ತಿಂಗಳಾಗುವುದರೊಳಗೆ ಕೆಂಪಿ ಆ ತಲೆಯನ್ನು ಮೂಸುವುದನ್ನೂ ಬಿಟ್ಟಿತು. ಆಮೇಲೆ ಮೀನಿನ ಸಾರು ಕಲಸಿದ ಅನ್ನ ಬಿಟ್ಟಿತು. ಪಕ್ಕೆಲುಬು ಎದ್ದು ಕಂಡವು. ಮೀನು ಮುಂದೆ ಇಟ್ಟರೆ ಸಾಕು, ಬಂದು ನನ್ನ ಸೆರಗು ಕಚ್ಚಿ ಹಿಡಿಯುತ್ತಿತ್ತು. ದೃಷ್ಟಿ ತೆಗೆದೆ. ದನದ ಡಾಕ್ಟರು ಬಾಯಿ ತೆರೆಸಿ ನೋಡಿ, ಎಂತದೂ ಇಲ್ಲ ಎಂದರು. ಕೇರಿಯವರಿಗೆ ನಗೆ.

"ಹ್ವಾಯ್, ನಿಮ್ಮನಿ ನಾಯಿ ಮೀನ್ ಬಿಟ್ಟಿತಂಬ್ರಲೆ! ಶ್ರಾವಣ ಮುಗ್ದ್ರೂ ಅದ್ರ ವ್ರತ ಮುಗೀಲಿಲ್ಯಾ?"

ನಮ್ಮವರು ದೋಣಿಗೆ ಹೋಗುವ ಮನುಷ್ಯ. ಮಾತು ಕಡಿಮೆ, ಆಡಿದರೆ ಆಡಿದ್ದೇ.

"ಇದ್ ಇಲ್ಲೇ ಸತ್ತ್ ನಾರುದ್ ಬ್ಯಾಡ. ನಾಡ್ದ್ ಸಂಜಿಗ್ ಮೀನ್ ಟೆಂಪೋ ವಂಡ್ಸೆ ಬದಿಗ್ ಹೋತ್ತ್. ಅದ್ರಗೆ ಹಾಕಿ ಬಿಟ್ ಬತ್ತೆ."

ವಂಡ್ಸೆಯ ಆಚೆ ಕಾಡು. ಕಡಲ ಬದಿಯ ಹೊಯ್ಗೆಯಲ್ಲಿ ಬೆಳೆದ ನಾಯಿ, ಅದೂ ಮೂಳೆಚಕ್ಕಳವಾದದ್ದು, ಅಲ್ಲಿ ನಾಲ್ಕು ದಿನ ಬದುಕದು.

"ನಾಡ್ದ್ ಅಲ್ದಾ? ಅಷ್ಟ್ರೊಳ್ಗೆ ನಾ ತಿನ್ಸಿ ತೋರ್ಸ್ತೆ," ಎಂದೆ. ಹೇಗೆ ಎಂದು ನನಗೇ ಗೊತ್ತಿರಲಿಲ್ಲ.

ಮರುದಿನ ಕೋಟದಲ್ಲಿ ದಿನಾ ಮೀನು ಕೊಳ್ಳುವ ಒಂದು ಮನೆಗೆ ಹೋದೆ. ಆ ಮನೆಯ ಸೊಸೆ ಶಾಲೆಯಲ್ಲಿ ಟೀಚರ್. ಅವಳಿಗೆ ಮೂರು ವರ್ಷದ ಮಗಳು. ನಾನು ಮೆಟ್ಟಿಲಲ್ಲಿ ಕೂತು ಮೀನು ಕೊಯ್ಯುತ್ತಿದ್ದೆ. ಅಜ್ಜಿ ಮಗುವಿನ ಕೈಗೆ ಬಿಸ್ಕೀಟು ಕೊಟ್ಟರು. ಮಗು ಅದನ್ನು ಅಂಗಳಕ್ಕೆ ಎಸೆದು, ಒಳಗೆ ಓಡಿ, ಇನ್ನೂ ತಲೆ ಬಾಚುತ್ತಿದ್ದ ತಾಯಿಯ ಕಾಲು ಅಪ್ಪಿಕೊಂಡು ಹೋ ಎಂದು ಅಳತೊಡಗಿತು.

"ಬಿಸ್ಕೀಟ್ ಕೊಟ್ರೆ ಮಕ್ಳ್ ಮರ್ಕುದಾ?" ಎಂದು ಕೇಳಿದೆ.

"ಎಂತ ಹೇಳುದ್ ಮಾರಾಯ್ತಿ," ಎಂದರು ಅಜ್ಜಿ. "ದಿನಾ ಬಿಸ್ಕೀಟ್ ಕೊಟ್ಟ್ ಹಿಂದಿಂದ ಹೋಪುದಲ್ದಾ ಇದ್ರ್ ಅಬ್ಬಿ! ಈಗ ಬಿಸ್ಕೀಟ್ ಕಂಡ್ರೆ ಸಾಕ್, ಅಬ್ಬಿ ಹೋತ್ಳ್ ಅಂದೇಳಿ ಗೊತ್ತಾತ್ತ್."

ನನ್ನ ಕತ್ತಿ ನಿಂತಿತು.

ನಮ್ಮ ಬದಿಯಲ್ಲಿ ಮನೆ ಬಿಡುವವರು ಯಾರೂ ಹೋಗುತ್ತೇನೆ ಎನ್ನುವುದಿಲ್ಲ. ಹೋಯ್ ಬತ್ತೆ ಎನ್ನಬೇಕು. ನಮ್ಮವರು ಒಮ್ಮೆ ಹೇಳಲು ಮರೆತು ಹೊರಟದ್ದಕ್ಕೆ ದೋಣಿಯವರೆಗೆ ಓಡಿ, ಎಲ್ಲರೆದುರು ಆ ಮಾತು ಆಡಿಸಿಕೊಂಡೇ ಬಂದವಳು ನಾನು. ಮೀನು ಬೇಡ ಎಂದ ಮನೆಗೂ ಬತ್ತೆ ಎಂದು ಹೇಳಿಯೇ ಮೆಟ್ಟಿಲು ಇಳಿಯುತ್ತಿದ್ದೆ. ಹೇಳದೆ ಹೋದದ್ದು ಕೆಂಪಿಗೆ ಮಾತ್ರ. ಅದು ದಿನಾ ಬಾಯಲ್ಲಿ ತಲೆ ಕಚ್ಚಿಕೊಂಡು ಬಾಲ ಅಲ್ಲಾಡಿಸುತ್ತಾ ಬಂದು ನೋಡಿದರೆ ನಾನಿಲ್ಲ. ಬಂಗುಡೆ ತಲೆ ಬಂದರೆ ಇವಳು ಹೋದಳು, ಅಷ್ಟು ಅದಕ್ಕೆ ತಿಳಿಯಿತು. ನೀವೇ ಹೇಳಿ, ಅಂಥದ್ದು ಯಾರ ಗಂಟಲಲ್ಲಿ ಇಳಿದೀತು?

ಕೆಂಪಿ ವಂಡ್ಸೆಗೆ ಹೋಗಲಿಲ್ಲ. ಇನ್ನೂ ಒಂಬತ್ತು ವರ್ಷ ನಮ್ಮ ಅಂಗಳದಲ್ಲೇ ಬಿದ್ದುಕೊಂಡು, ಬೇಕಾದಷ್ಟು ತಿಂದು, ಮುದಿಯಾಗಿ ಸತ್ತಿತು. ಸಂಜೆ ಪಕ್ಕದ ಮನೆಯ ಸೊಸೆ ಬರಲಿ. ಅವಳನ್ನು ಬೈಯುವುದಿಲ್ಲ. ಕೋಟದಿಂದ ಬಂದ ಮರುದಿನ ಬೆಳಿಗ್ಗೆ ನಾನು ಮಾಡಿದ್ದನ್ನು ಹೇಳುತ್ತೇನೆ, ಅಷ್ಟೆ.

ಆ ಬೆಳಿಗ್ಗೆ ತಲೆ ಎಸೆಯಲಿಲ್ಲ. ಹಳೆ ಬಲೆಯ ಹಗ್ಗದಿಂದ ಕೆಂಪಿಯನ್ನು ಎದುರು ಜಗಲಿಯ ಕಂಬಕ್ಕೆ ಕಟ್ಟಿದೆ. ಬುಟ್ಟಿಯನ್ನು ಅದರ ಮೂತಿಯ ಹತ್ತಿರ ಇಟ್ಟು ಮೂಸಲು ಬಿಟ್ಟೆ. ಬಂಗುಡೆ ತಲೆಯನ್ನು ಬಾಳೆಲೆಯಲ್ಲಿ ಸುತ್ತಿ, ಅದರ ಕಣ್ಣೆದುರೇ ಮೇಲೆ ಮಾಡಿನ ಹೆಂಚಿನ ಸಂದಿಗೆ ಸಿಕ್ಕಿಸಿದೆ.

"ಕೆಂಪಿ, ಕಾಣ್. ನಾ ಕೋಟಕ್ಕೆ ಹೋಯ್ ಬತ್ತೆ. ಇದ್ ನಾ ಬಂದ್ ಮೇಲೆ ಕೊಡ್ತೆ."

ಒಳಗಿನಿಂದ ನಮ್ಮವರು ನಕ್ಕರು. "ನಾಯಿ ಹತ್ರ ಅಪ್ಪಣೆ ಕೇಂತ್ಯಾ?"

"ಹೌದ್," ಎಂದೆ.

ಎದುರು ದಾರಿಯಲ್ಲೇ ಇಳಿದೆ. ಕೆಂಪಿ ಹಗ್ಗ ಜಗ್ಗಿತು, ಬೊಗಳಿತು, ಊಳಿಟ್ಟಿತು. ಕೇರಿಯ ಬಾಗಿಲುಗಳೆಲ್ಲ ತೆರೆದವು. ತೆರೆಯಲಿ. ನಾನು ಜಾರಿಕೊಳ್ಳಲಿಲ್ಲ, ಓಡಲಿಲ್ಲ. ಅದಕ್ಕೆ ಕೊನೆಯವರೆಗೂ ನನ್ನ ಬೆನ್ನು ಕಾಣುವ ಹಾಗೆ, ರಸ್ತೆಯ ನಟ್ಟ ನಡುವೆ, ನಿಧಾನ ನಡೆದೆ.