ಕಂಬಳಿ ಹೊದ್ದ ಮಾವಿನ ಸಸಿ

ತಳಕಲ್ಲು ಊರಿನ ಚಾವಡಿ ಗುಡಿಸುತ್ತಿದ್ದ ಮುದುಕಿ ಕಳಕಮ್ಮನಿಗೆ ದೇವರ ಮೇಲೂ ನಂಬಿಕೆಯಿರಲಿಲ್ಲ, ಸರಕಾರದ ಮೇಲೂ ಇರಲಿಲ್ಲ. ಇಬ್ಬರೂ ದೂರ ಕೂತು ಕೆಲಸ ಹೇಳುವವರು ಎನ್ನುವಳು. ಬಾಯಿ ಮುಚ್ಚು ಎಂದರೆ, "ಮುಚ್ಚತೀನಿ, ಚೂರು ತಂಬಾಕ ಕೊಡ್ರಿ" ಎಂದು ಕೈಯೊಡ್ಡುವಳು.

ನಿಜಾಮರ ಆಳ್ವಿಕೆಯ ಕಾಲ. ಒಂದು ದೀಪಾವಳಿ ಕಳೆದ ಮೇಲೆ ತಹಶೀಲ್ದಾರ ಸಾಹೇಬರು ಕುದುರೆ ಏರಿ ಬಂದು ಚಾವಡಿಯ ಮುಂದೆ ಮಾವಿನ ಸಸಿ ನೆಟ್ಟರು. ಗುಂಡಿ ತೋಡಿದವಳು ಕಳಕಮ್ಮ, ಮಣ್ಣು ಮುಚ್ಚಿದವಳೂ ಅವಳೇ. ಸಾಹೇಬರು ಬೆರಳ ತುದಿಯಿಂದ ಎಲೆ ಮುಟ್ಟಿ, ಯುಗಾದಿಗೆ ಬಂದು ನೋಡುವೆನೆಂದು ಹೋದರು.

ಊರ ಗೌಡ ಕೊಟ್ರಬಸಪ್ಪ ಅವಳನ್ನು ಕರೆದ. "ಸಸಿ ಒಣಗಿತಂದ್ರ ಕಸಬರಿಗಿನೂ ಹೋತು, ನೀ ಮಲಗೋ ಹಿಂದಿನ ಖೋಲಿನೂ ಹೋತು."

"ಸಾಹೇಬ್ರ ಕೈಗುಣ ಅಂತ ಹೇಳೂಣಲ್ರಿ, ಗೌಡ್ರ."



ಪುಷ್ಯ ಮಾಸ ಬಂತು. ಮರವಿಲ್ಲದ ಎರೆಭೂಮಿಯ ಮೇಲೆ ಮೂಡಣ ಗಾಳಿ ಯಾರನ್ನೂ ಕೇಳದೆ ಓಡಾಡಿತು. ಎಳೆಯ ಎಲೆಗಳ ಅಂಚು ಕರಕಾಯಿತು. ಕಳಕಮ್ಮ ಸುತ್ತ ಕೋಲು ನೆಟ್ಟು, ತನಗಿದ್ದ ಒಂದೇ ಕಂಬಳಿಯನ್ನು ಸಸಿಗೆ ಸುತ್ತಿ, ಅದು ಹಾರದಂತೆ ಹಳೆಯ ಕೆಂಪು ಕುಪ್ಪಸದಿಂದ ನಡು ಬಿಗಿದಳು. ತಾನು ಗೋಣಿಚೀಲ ಹೊದ್ದಳು.

ನಸುಕಿನಲ್ಲಿ ಸಂತೆಗೆ ಹೊರಟ ಪರ ಊರಿನವರು ಆ ಆಕಾರ ಕಂಡರು. ಯಾವುದೋ ದೇವಿಯೆಂದು ಕೈ ಮುಗಿದು ಕಾಯಿ ಒಡೆದರು. ಅವರನ್ನು ಕಂಡು ಊರಿನವರೂ ಒಡೆದರು. ಎಣ್ಣೆ ಬಂತು, ಹಾಲು ಬಂತು, ಅರಿಸಿನ ಬಂತು; ಹಿಂದೆಯೇ ಇರುವೆಗಳ ಸಾಲು ಬಂತು. ಚಳಿಗೆ ಉದುರದ ಎಲೆ ಭಕ್ತಿಗೆ ಉದುರತೊಡಗಿತು.

ಬಂಡಿ ಹೊಡೆಯುವ ಮಕ್ಬುಲಸಾಬನೂ ಲೋಬಾನದ ಹೊಗೆ ಹಾಕಿ ನಿಂತಿದ್ದ.

"ಅದು ಮಾವಿನ ಗಿಡ ಐತೋ," ಎಂದಳು ಕಳಕಮ್ಮ.

"ಇರಲಿ ಬಿಡವ್ವಾ. ನನ್ನ ಎತ್ತು ಕುಂಟೋದು ಬಿಟ್ಟೈತಿ."

ನಿಜ ಹೇಳಿ ಹೇಳಿ ಅವಳ ಗಂಟಲು ಒಣಗಿತು. ಅವಳ ಮಾತು ಕೇಳಿದ ಪಾಪಕ್ಕೆ ಹೆಂಗಸರು ಗಲ್ಲ ಬಡಿದುಕೊಂಡು ಇನ್ನೊಂದಿಷ್ಟು ಎಣ್ಣೆ ಸುರಿದರು. ಕೊನೆಗೊಂದು ಅಮಾವಾಸ್ಯೆಯ ಬೆಳಿಗ್ಗೆ, ಕೆಂಪಗೆ ಬಿಸಿಲು ಏಳುವಾಗ, ಕಳಕಮ್ಮ ಮೈಮೇಲೆ ದೇವಿ ಬಂದವಳಂತೆ ತುರುಬು ಬಿಚ್ಚಿ ತೂಗಾಡಿದಳು.

"ಎಣ್ಣಿ ಸುರದ್ರ ನಿಮ್ಮ ಕೈ ಸೇದಿ ಹೋಗತಾವ. ನನಗ ಬೇರಿಗೆ ಒಂದೊಂದು ತಂಬಿಗಿ ನೀರು ಸಾಕು. ಹಾಲು, ತಂಬಾಕ ಎರಡೂ ನನ್ನ ಕಾಯೋ ಮುದುಕಿಗೆ ಕೊಡ್ರಿ."

"ಮತ್ತೇನು ಬೇಕ ತಾಯಿ?" ಎಂದ ಗೌಡ, ದೂರದಲ್ಲೇ ನಿಂತು.

"ನಿನ್ನ ಹೆಗಲ ಮ್ಯಾಲಿನ ಕಂಬಳಿ. ಅದೂ ಮುದುಕಿಗೇ."

ಗೌಡ ಕೊಟ್ಟ. ಅದು ಹೊಸದಿತ್ತು, ಛಲೋ ಬೆಚ್ಚಗಿತ್ತು.

ಯುಗಾದಿಗೆ ಸಾಹೇಬರು ಬಂದರು. ಸಸಿಯ ತುದಿಯಲ್ಲಿ ತಾಮ್ರದ ಬಣ್ಣದ ಚಿಗುರು ಬಿಸಿಲು ಹಿಡಿದು ನಿಂತಿತ್ತು. ಖುಷಿಯಿಂದ ಮುಟ್ಟಲು ಹೋದವರನ್ನು ಗೌಡ ತಡೆದ.

"ಸಾಹೇಬ್ರ, ಬೂಟು ಬಿಚ್ಚಿ ಹೋಗ್ರಿ."

ಸಾಹೇಬರು ಸುತ್ತ ನೋಡಿದರು. ಊರೆಲ್ಲ ಬರಿಗಾಲಲ್ಲಿ ನಿಂತಿತ್ತು. ಅವರೂ ಬೂಟು ಬಿಚ್ಚಿದರು.

ಅಷ್ಟರಲ್ಲಿ ಕಳಕಮ್ಮ ಕಸಬರಿಗೆ ಹಿಡಿದು ಬಂದು, ತೆಂಗಿನ ಚಿಪ್ಪುಗಳನ್ನು ಗುಡಿಸುತ್ತ ಅವರ ಹತ್ತಿರ ಬಗ್ಗಿದಳು.

"ಕಾಲು ಎತ್ರಿ, ಸಾಹೇಬ್ರ. ಕಸ ಭಾಳ ಬಿದ್ದೈತಿ."