ಲಂಡನ್ನಿಗೆ ಎಷ್ಟು ಬುತ್ತಿ?

ಕೊಳ್ಳೇಗಾಲದ ಬಸ್‌ಸ್ಟ್ಯಾಂಡ್ ಎದುರು ನನ್ನದೊಂದು ಟಿಕೆಟ್ ಬುಕಿಂಗ್ ಅಂಗಡಿ. ಹೋದ ವರ್ಷ ಯಳಂದೂರು ಕಡೆಯ ಹೆಂಗಸೊಬ್ಬರು ಬಂದರು. ಲಂಡನ್ನಿನಲ್ಲಿ ನರ್ಸಾಗಿರುವ ಮಗಳ ಬಾಣಂತನಕ್ಕೆ ಹೋಗಬೇಕು, ಆದರೆ ವಿಮಾನ ಅಂದರೆ ಹೆದರಿಕೆ.

"ಎಷ್ಟು ದೂರ ಆಯ್ತದೆ ಸಾ?"

ಕಂಪ್ಯೂಟರ್ ನೋಡಿ, ಬೆಂಗಳೂರಿನಿಂದ ಎಂಟು ಸಾವಿರ ಕಿಲೋಮೀಟರ್ ಅಂದೆ. ಅವರು ಸೆರಗು ಸರಿಮಾಡಿಕೊಂಡು ಎದ್ದೇಬಿಟ್ಟರು.

"ನಾನು ಓಗಕ್ಕಿಲ್ಲ ಬುಡಿ."

"ಕೂತ್ಕೊಳಿ ಅಮ್ಮ, ಬರೀ ಹತ್ತು ಗಂಟೆ."

"ಗಂಟೆ ಲೆಕ್ಕ ಕಟ್ಕಂಡು ನಂಗೇನು? ಎಷ್ಟು ಬುತ್ತಿ ತಕಂಡು ಓಗ್ಬೇಕು, ಅದೇಳಿ."

ನನಗೆ ತಟ್ಟನೆ ಯಳಂದೂರಿನ ನಮ್ಮಜ್ಜಿಯ ನೆನಪಾಯಿತು. ಅವಳಿಗೂ ದೂರ ಅಂದರೆ ದಾರಿಯಲ್ಲಿ ಉಣ್ಣುವ ಬುತ್ತಿಯ ಲೆಕ್ಕವೇ. ಹನೂರು ಎರಡು ಬುತ್ತಿ, ಮಾದಪ್ಪನ ಬೆಟ್ಟ ನಾಲ್ಕು. ಹನೂರಿನ ದಾರಿಯ ಹುಣಸೆಮರದ ಕೆಳಗೆ ಅವಳು ಗಂಟು ಬಿಚ್ಚಿದರೆ, ಪುಳಿಯೋಗರೆಯ ವಾಸನೆಗೆ ನಮ್ಮ ಕಾಲುನೋವೆಲ್ಲ ಮರೆತುಹೋಗುತ್ತಿತ್ತು.

"ಎರಡು ಬುತ್ತಿ ಅಮ್ಮ," ಅಂದೆ.

"ಅಷ್ಟೇಯಾ? ಮಾದಪ್ಪನ ಬೆಟ್ಟಕ್ಕಿಂತ ಅತ್ರ!" ಅವರು ನಗುತ್ತಾ ಕೂತರು. "ಬುತ್ತಿ ಬಿಚ್ಚಕ್ಕೆ ಎಲ್ಲಿ ನಿಲ್ಲಿಸ್ತರೆ?"

"ಎಲ್ಲೂ ನಿಲ್ಲಿಸಲ್ಲ. ಕೂತ ಕಡೆಗೇ ಊಟ ತಂದುಕೊಡ್ತಾರೆ."

"ಅಯ್ಯೋ ಪಾಪ, ಕೂತು ಉಣ್ಣಕ್ಕೆ ಒಂದು ಮರದ ನೆಳ್ಳೂ ಇಲ್ವಾ ಅವ್ರಿಗೆ," ಅಂದರು. ವಿಮಾನದವರ ಮೇಲೆ ಕನಿಕರಪಟ್ಟೇ ಟಿಕೆಟ್ ಮಾಡಿಸಿಕೊಂಡರು.

ಮೊನ್ನೆ ಹನೂರಿಗೆ ಕಾರಿನಲ್ಲಿ ಹೋದೆ. ಹುಣಸೆಮರ ಯಾವಾಗ ದಾಟಿತೋ ಗೊತ್ತಾಗಲಿಲ್ಲ. ಹನೂರಲ್ಲಿ ಇಳಿದು ನೋಡಿಕೊಂಡರೆ ಕೈಯಲ್ಲಿ ಫೋನು ಬಿಟ್ಟು ಬೇರೇನೂ ಇಲ್ಲ. ಅಜ್ಜಿಯ ಲೆಕ್ಕದಲ್ಲಿ ನಾನಿನ್ನೂ ಮನೆಯಿಂದ ಹೊರಟೇ ಇರಲಿಲ್ಲ.