ರುಮಾಲು ಸೋಸಿದ ಹಳ್ಳ

ವನದುರ್ಗದ ಗುಡ್ಡದಲ್ಲಿ ಅರಣ್ಯ ಇಲಾಖೆಯವರು ನೆಟ್ಟ ನೀಲಗಿರಿ ತೋಪಿಗೆ ಅಂಬ್ರಪ್ಪ ಕಾವಲುಗಾರ. ಆ ನೀಲಗಿರಿಯನ್ನು ದನ ಮೂಸಿಯೂ ನೋಡುತ್ತಿರಲಿಲ್ಲ, ಕಳ್ಳರಿಗೂ ಅದು ಬೇಡವಾಗಿತ್ತು. ಹಾಗಾಗಿ ಅವನು ಹದಿನಾಲ್ಕು ವರ್ಷ ಕಾದದ್ದು ತೋಪಿನ ನಡುವೆ ಹರಿಯುವ ಸಣ್ಣ ಹಳ್ಳವನ್ನು. ಬಿದ್ದ ಎಲೆ ಬಾಚುತ್ತಿದ್ದ, ಏಡಿಗಳನ್ನು ಬೈಯುತ್ತಿದ್ದ. ಕೆಳಗೆ ಕಾಲುವೆ ಬಂದ ಮೇಲೆ ದೋರನಹಳ್ಳಿ ಕಡೆಯವರು ಭತ್ತದ ಕೆಸರಿನಲ್ಲಿ ಮೊಣಕಾಲತನಕ ಹೂತು, ಗುಡ್ಡದಲ್ಲೊಂದು ಹಳ್ಳವಿದೆ ಎಂಬುದನ್ನೇ ಮರೆತಿದ್ದರು.

ಅಂಬ್ರಪ್ಪನಿಗೆ ಎರಡು ಹಟ. ರುಮಾಲಿಲ್ಲದ ತಲೆಯನ್ನು ಯಾರಿಗೂ ತೋರಿಸುತ್ತಿರಲಿಲ್ಲ. ಸೋಸದ ನೀರನ್ನು ಯಾರಿಗೂ ಕೊಡುತ್ತಿರಲಿಲ್ಲ. ಹರೆಯದಲ್ಲಿ ಮೆಟ್ಟಿಲು ಬಾವಿಯ ನೀರು ಕುಡಿದು ಅವನ ಕಾಲಿಗೆ ನಾರುಹುಣ್ಣಾಗಿತ್ತು. ಹುಣ್ಣಿನಿಂದ ಇಣುಕಿದ ಹುಳವನ್ನು ಕಡ್ಡಿಗೆ ಸುತ್ತಿ, ದಿನಕ್ಕೆರಡು ಬೆರಳಿನಷ್ಟು ಎಳೆಯುತ್ತ, ತಿಂಗಳುಗಟ್ಟಲೆ ಹೊರಸಿನ ಮೇಲೆ ಬಿದ್ದಿದ್ದ. ನೀರು ಸೋಸಿ ಕುಡಿಯಿರೆಂದು ಆಸ್ಪತ್ರೆಯವರು ಸಾರಿದ್ದನ್ನು ಊರು ಮರೆತರೂ ಅವನು ಮರೆಯಲಿಲ್ಲ.

“ಮಳಿ ಬಂದ್ರ ಆಕಾಶಕ್ಕೂ ಅರಿವಿ ಕಟ್ತಾನ ಈ ಮನಷ್ಯಾ,” ಎನ್ನುತ್ತಿದ್ದಳು ಹೆಂಡತಿ ಸುಂದ್ರಮ್ಮ.

ಆ ವರ್ಷ ಮೇಲಿನಿಂದ ಕಾಗದ ಬಂತು. ಹಳ್ಳದ ನೀರನ್ನು ಪರೀಕ್ಷಿಸಬೇಕು. ಅದರಲ್ಲಿ ಜೀವವಿದ್ದರೆ ಎರಡೂ ದಂಡೆ ಹಾಗೇ ಬಿಡುವುದು. ಇಲ್ಲದಿದ್ದರೆ ಹಳ್ಳ ಮುಚ್ಚಿ ಅಲ್ಲೂ ನೀಲಗಿರಿ. ಆಗ ಕಾಯಲು ಏನೂ ಉಳಿಯದ ಅಂಬ್ರಪ್ಪನಿಗೆ ಯಾದಗಿರಿಯ ಸಸಿತೋಟದಲ್ಲಿ ಚೀಲಕ್ಕೆ ಮಣ್ಣು ತುಂಬುವ ಕೆಲಸ. ಕಲ್ಲೆತ್ತಿ, ಅಡಿಯಲ್ಲಿರುವ ಹುಳಹುಪ್ಪಟೆ ಸಮೇತ ನೀರು ತುಂಬಿ ಕಳಿಸಬೇಕೆಂದು ಕಾಗದದಲ್ಲಿತ್ತು. ಅದನ್ನು ತಂದವನು ಗಾರ್ಡ್ ಖಾಜಾಮಿಯಾ. ಕೂದಲನ್ನು ಸಿನಿಮಾದವರಂತೆ ಉಬ್ಬಿಸಿ ಎಣ್ಣೆ ಸುರಿದುಕೊಂಡು, ಜೇಬಿನಲ್ಲಿ ಸದಾ ಬಾಚಣಿಕೆ ಇಟ್ಟ ಮನುಷ್ಯ. ಬಿಸಿಲಿಗೆ ಅವನು ಕಾಗದ ಓದಲಿಲ್ಲ.

“ಅಂಬ್ರಪ್ಪಾ, ಸಾಹೇಬ್ರಿಗೆ ಹಳ್ಳದ ನೀರು ಬೇಕಂತ. ಈ ಬಾಟ್ಲಿ ತುಂಬ್ಕೊಂಡ್ ಬಾ,” ಎಂದವನೇ, ಬೇಲಿಯ ಮೇಲೆ ಒಣಗಿದ್ದ ಅಂಬ್ರಪ್ಪನ ಇನ್ನೊಂದು ರುಮಾಲನ್ನು ಮಡಚಿ ತಲೆಯಡಿಗಿಟ್ಟುಕೊಂಡು ಗೊರಕೆ ಹೊಡೆದ.

ಅಂಬ್ರಪ್ಪ ಚಹಾ ಕಾಸಿ ಅವನನ್ನು ಎಬ್ಬಿಸಿದ. ಅವನು ಚಹಾ ಕುಡಿಯುತ್ತಿರುವಾಗ ಅದೇ ರುಮಾಲಿನಲ್ಲಿ ನೀರು ಸೋಸಿ ಬಾಟ್ಲಿ ತುಂಬಿದ. ಸಾಹೇಬರಿಗೆ ಅಂದ ಮೇಲೆ ಎರಡು ಮಡಿಕೆ ಹಾಕಿ ಇನ್ನೊಮ್ಮೆ ಸೋಸಿದ.

ಹದಿನೈದು ದಿನಕ್ಕೆ ಪರೀಕ್ಷೆಯ ಸಂಗಣ್ಣ ಸಾಹೇಬರೇ ಖಾಜಾಮಿಯಾನನ್ನು ಜೀಪಿನಲ್ಲಿ ಹಾಕಿಕೊಂಡು ಬಂದರು. ಕೈಯಲ್ಲಿ ವರದಿ.

“ನಿನ್ನ ಹಳ್ಳ ಸತ್ತೈತಿ. ಜೀವ ಅಂಬೋದಿಲ್ಲ, ಇನ್ನ ಮುಚ್ಚೋದs. ಒಂದs ಒಂದು ಹೇನೈತಿ. ಇಪ್ಪತ್ತು ವರ್ಸದಾಗ ಹೇನು ಈಜೋ ಹಳ್ಳ ನಾ ನೋಡಿಲ್ಲ. ಅದಕ್ಕs ಬಂದೀನಿ, ಇಲ್ಲಾಂದ್ರ ಸಹಿ ಹಾಕಿ ಒಗೀತಿದ್ದೆ.”

ಗುಡಿಸಲಿನಿಂದ ಸುಂದ್ರಮ್ಮ ಧಾವಿಸಿದಳು. “ನಮ್ಮ ಮನ್ಯಾಗ ಹೇನಿಲ್ರಿ!”

“ನಾ ಸೋಸೇ ತುಂಬೀನ್ರಿ ಯಪ್ಪಾ,” ಎಂದ ಅಂಬ್ರಪ್ಪ. “ಹುಳ ಇರೋ ನೀರು ನಿಮಗ ಹೆಂಗ ಕೊಡ್ಲಿ?”

“ಸೋಸಿದ್ಯಾ? ಎದ್ರಾಗ?”

“ರುಮಾಲಿನ್ಯಾಗ್ರಿ.”

“ಹಂಗಾರ ಹೇನು ನಿನ್ನ ತಲೀದು.”

ಅಂಬ್ರಪ್ಪ ಸುಂದ್ರಮ್ಮನನ್ನು ನೋಡಿದ, ಹಳ್ಳವನ್ನು ನೋಡಿದ. ತಲೆಯ ಮೇಲಿದ್ದ ರುಮಾಲನ್ನು ಮೆಲ್ಲಗೆ ಬಿಚ್ಚಿದ. ಬೋಳು ತಲೆ ಬಿಸಿಲಿಗೆ ಹಿತ್ತಾಳೆ ತಂಬಿಗೆಯಂತೆ ಹೊಳೆಯಿತು.

“ನೋಡ್ರಿ. ಹೇನು ಎಲ್ಲಿ ಹಿಡ್ಕೊಂಡು ನಿಂತೀತು?”

ಸಂಗಣ್ಣ ತಲೆಯ ಸುತ್ತ ಒಂದು ಪ್ರದಕ್ಷಿಣೆ ಹಾಕಿ ಪರೀಕ್ಷಿಸಿದರು. ಇತ್ತ ಖಾಜಾಮಿಯಾನ ಕೈ ತಾನಾಗಿಯೇ ಮೇಲೆದ್ದು, ಉಬ್ಬಿಸಿದ ಕೂದಲೊಳಗೆ ಹೊಕ್ಕು, ಪರಪರ ಕೆರೆಯಿತು. ಎಲ್ಲರೂ ಅತ್ತ ತಿರುಗಿದರು.

“ಆ ಅರಿವಿ ತಲಿಗಿಟ್ಕೊಂಡು ಮಲಗಿದ್ದ ಈ ಅಣ್ಣ!” ಎಂದು ಸುಂದ್ರಮ್ಮ ಬೊಬ್ಬೆ ಹಾಕಿದಳು. ಖಾಜಾಮಿಯಾ ಜೀಪಿನ ಗಾಲಿಯಲ್ಲಿ ಗಾಳಿ ಇದೆಯೇ ಎಂದು ನೋಡಲು ಹೋದ.

“ಹೇನಿನ ಲೆಕ್ಕ ಮುಗೀತು,” ಎಂದರು ಸಂಗಣ್ಣ. “ಹಳ್ಳದ್ದು?”

ಅಂಬ್ರಪ್ಪ ಬೋಳು ತಲೆಯಲ್ಲೇ ಹಳ್ಳಕ್ಕಿಳಿದ. ಬಿಚ್ಚಿದ ರುಮಾಲನ್ನು ಹರಿವಿಗೆ ಅಡ್ಡ ಹಿಡಿದು, ಮೇಲಿನ ಕಲ್ಲುಗಳನ್ನು ಕಾಲಿನಿಂದ ಉರುಳಿಸಿದ. ಎತ್ತಿದರೆ ಬಟ್ಟೆ ತುಂಬ ಹುಳಗಳ ಗಿಜಿಗಿಜಿ.

“ಇಂವ ಮೂರು ಬಾಲದಾಂವ. ಹೊಲಸು ನೀರಾಗ ಒಂದಿನಾನೂ ಬಾಳಂಗಿಲ್ಲ. ಈಕಿ ಉಸುಕಿನ ಮನಿ ಹೊತ್ಕೊಂಡು ಅಡ್ಡಾಡ್ತಾಳ. ಇದು ಏಡಿ, ಭಾಳ ಸಿಟ್ಟಿಂದು. ದಿನಾ ಸೋಸ್ತೀನಿ, ದಿನಾ ತಿರುಗಿ ಹಳ್ಳಕ್ಕs ಬಿಡ್ತೀನಿ. ನಿಮ್ಮ ಬಾಟ್ಲಿಗಿ ಹಾಕ್ಬೇಕಂತ ಯಾರು ಹೇಳಿದ್ರು?”

ಮೂರು ಬಾಲದವನ್ನು ಎಣಿಸಲು ಸಂಗಣ್ಣ ನೆಲಕ್ಕೆ ಕೂತರು. ನಲವತ್ತು ದಾಟಿದ ಮೇಲೆ ಬಿಟ್ಟುಬಿಟ್ಟರು. ಹಳೇ ವರದಿ ಹರಿದು, ಜೀಪಿನ ಮೂತಿಯ ಮೇಲೆ ಹೊಸದನ್ನು ಬರೆದರು: ಹಳ್ಳ ಜೀವಂತ, ದಂಡೆ ಮುಟ್ಟಬಾರದು. ಸಹಿ ಹಾಕಿ ಬೆವರು ಒರೆಸಿಕೊಂಡರು.

“ಇನ್ನ ಒಂದು ತಂಬಿಗಿ ನೀರು ಕೊಡಪಾ.”

ಅಂಬ್ರಪ್ಪ ತಂಬಿಗೆ ತಂದ. ಅದರ ಬಾಯಿಗೆ ರುಮಾಲು ಹಾಸತೊಡಗಿದ. ರುಮಾಲಿನ ತುದಿಗೆ ಏಡಿ ಇನ್ನೂ ಜೋತಾಡುತ್ತಿತ್ತು.

“ಸೋಸಬ್ಯಾಡೋ ಮಾರಾಯಾ! ಹಂಗs ಕೊಡು.”

“ಸೋಸದ ನೀರು ನಾ ಯಾರಿಗೂ ಕೊಡಂಗಿಲ್ರಿ.”

ಸಂಗಣ್ಣ ಒಣಗಿದ ಬಾಯಲ್ಲೇ ಜೀಪು ಹತ್ತಿದರು. ಪಕ್ಕದಲ್ಲಿ ಕೂರಲು ಬಂದ ಖಾಜಾಮಿಯಾನಿಗೆ ಹಿಂದಿನ ಸೀಟಿನತ್ತ ಕೈ ತೋರಿಸಿದರು.